ಒಂದು ಪಿರಿಯಡ್‌ನಲ್ಲಿ ಮುಗಿಯುವ ಚೌಕಾಬಾರ

ಮಂಡ್ಯ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ತರಗತಿಯಲ್ಲಿ ಆಟ ಆಡಿಸಬೇಕು ಅನ್ನಿಸಿದಾಗ ಮೊದಲು ಹಾವು ಏಣಿಯ ಹಾಸು ತಂದೆ. ಏಣಿ ಹತ್ತಬೇಕಾದರೆ ಒಂದು ಲೆಕ್ಕ ಬಿಡಿಸಬೇಕು ಎಂದೆ. ಮೊದಲ ದಿನ ಮಕ್ಕಳು ಖುಷಿಯಾಗಿ ಆಡಿದರು. ಎರಡನೇ ದಿನ ಏಣಿ ಸಿಕ್ಕರೂ ಮುಖ ಸಿಂಡರಿಸತೊಡಗಿದರು. ಆಟದ ದಾರಿಗೆ ಅಡ್ಡ ಬರುವ ಕಾಟವಾಗಿತ್ತು ನನ್ನ ಲೆಕ್ಕ. ಅಲ್ಲದೆ ಹಾವು ಏಣಿಯಲ್ಲಿ ಯೋಚಿಸುವುದಕ್ಕೆ ಏನಿದೆ? ದಾಳ ಹೇಳಿದಷ್ಟು ಮನೆ ಹೋಗುವುದು ಅಷ್ಟೆ. ಆ ಹಾಸನ್ನು ಮಡಚಿಟ್ಟೆ.

ಆಮೇಲೆ ಚೌಕಾಬಾರ ಹಿಡಿದೆ. ಖರ್ಚೇ ಇಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದರ 25 ಮನೆ ಬರೆದರೆ ಆಯಿತು. ಕವಡೆ ಬದಲು ನಾಲ್ಕು ಹುಣಸೆ ಬೀಜ. ಒಂದು ಕಡೆ ಬಿಳಿ ಕಾಣುವವರೆಗೆ ಕಲ್ಲಿಗೆ ಉಜ್ಜಬೇಕು. ಒಂದು ಬಿಳಿ ಮೇಲೆ ಬಿದ್ದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಾದರೆ ಬಾರಾ, ಅಂದರೆ ಎಂಟು. ಚೌಕ, ಬಾರಾ ಬಿದ್ದವರಿಗೆ ಇನ್ನೊಂದು ಆಟ.

ಒಂಬತ್ತನೇ ತರಗತಿಯವರನ್ನು ಆಡಲು ಬಿಟ್ಟು ಸುಮ್ನೆ ಕೂತೆ. ಹತ್ತು ನಿಮಿಷದಲ್ಲಿ ಒಬ್ಬ ಹುಡುಗ ಗೊಣಗಿದ: ‘ಬರೀ ಎರಡೇ ಬೀಳುತ್ತೆ ಮಿಸ್!’ ನಾನು ಕಾಯುತ್ತಿದ್ದದ್ದು ಇದಕ್ಕೇ. ‘ಯಾಕೆ ಬೀಳುತ್ತೆ ಹೇಳು’ ಎಂದೆ.

ನಾಲ್ಕು ಬೀಜ ಬೀಳಬಹುದಾದ ಬಗೆಗಳನ್ನೆಲ್ಲ ಬೋರ್ಡ್ ಮೇಲೆ ಬರೆಯತೊಡಗಿದರು. ಮೊದಲ ಸಲ 11 ಸಿಕ್ಕಿತು, ಜಗಳವಾಯಿತು, ಕೊನೆಗೆ 16ಕ್ಕೆ ನಿಂತಿತು. ಅದರಲ್ಲಿ ಎರಡು ಬೀಳುವ ಬಗೆ 6. ಒಂದಕ್ಕೆ 4, ಮೂರಕ್ಕೆ 4. ಚೌಕಕ್ಕೆ ಒಂದೇ, ಬಾರಾಕ್ಕೂ ಒಂದೇ. ಸಂಭವನೀಯತೆ ಅನ್ನುವ ಪದವನ್ನು ನಾನು ಇನ್ನೂ ಬಾಯಿಗೇ ತಂದಿರಲಿಲ್ಲ.

ಒಂದು ಗುಂಪಿಗೆ ಮಾತ್ರ ಬಾರಾ ತುಂಬಾ ಜಾಸ್ತಿ ಬೀಳುತ್ತಿತ್ತು. ಮೋಸ ಎಂದು ಉಳಿದವರು ಕೂಗಾಡಿದರು. ಬೀಜ ಕೈಗೆ ತಗೊಂಡು ನೋಡಿದರೆ, ಪಾಪ, ಉಜ್ಜಿ ಉಜ್ಜಿ ಅರ್ಧ ಸವೆಸಿದ್ದರು. ಚಪ್ಪಟೆ ಬದಿ ನೆಲಕ್ಕೆ ಕೂರುತ್ತಿತ್ತು. 16 ಬಗೆಗೂ ಸಮ ಅವಕಾಶ ಇರಬೇಕಾದರೆ ಬೀಜದ ಎರಡು ಬದಿಯೂ ಸಮನಾಗಿ ಬೀಳುವಂತಿರಬೇಕು. ಪುಸ್ತಕದಲ್ಲಿ ‘ದೋಷವಿಲ್ಲದ ನಾಣ್ಯ’ ಎಂದು ಓದಿ ದಾಟಿಬಿಡುತ್ತೇವೆ ಅಲ್ವಾ? ದೋಷವಿರುವುದು ಕೈಯಲ್ಲಿದ್ದಾಗಲೇ ಆ ಮಾತಿನ ಬೆಲೆ ಗೊತ್ತಾಗುವುದು.

ಆದರೆ ಒಂದು ತೊಂದರೆ ಇತ್ತು. ಪಿರಿಯಡ್ 40 ನಿಮಿಷ. ಗಂಟೆ ಹೊಡೆದಾಗ ಯಾರ ಕಾಯಿಯೂ ಪೂರ್ತಿ ಹಣ್ಣಾಗಿರುತ್ತಿರಲಿಲ್ಲ, ಅಂದರೆ ನಡುಮನೆ ಸೇರಿರುತ್ತಿರಲಿಲ್ಲ. ಹಾಗಾದರೆ ನೀವೇ ಆಟವನ್ನು ಚಿಕ್ಕದು ಮಾಡಿ ಎಂದೆ. ‘ಅಜ್ಜಿ ಕಾಲದ ಆಟ, ಬದಲಾಯಿಸಬಹುದಾ?’ ಎಂದು ಒಬ್ಬಳು ನಿಜವಾಗಲೂ ಹೆದರಿ ಕೇಳಿದಳು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟದ ಹಾಸುಗಳನ್ನು ರಚಿಸಿದ್ದನ್ನು ಹೇಳಿದೆ. ಮಹಾರಾಜರು ಮಾಡಿದ್ದನ್ನು ನಾವೂ ಮಾಡಬಹುದು ಎಂದು ಧೈರ್ಯ ಬಂತು.

ಮಕ್ಕಳು ಹಾಕಿದ ಲೆಕ್ಕ ಇದು. ಒಂದು ಕಾಯಿ ಹೊರಸುತ್ತು, ಒಳಸುತ್ತು ದಾಟಿ ನಡುಮನೆ ಸೇರಲು 24 ಮನೆ ನಡೆಯಬೇಕು. ನಾಲ್ಕು ಕಾಯಿಗೆ 96. ಗರ, ಅಂದರೆ ಒಂದು ಸಲ ಬೀಳುವ ಎಣಿಕೆ, ಸರಾಸರಿ ಎಷ್ಟು? 16 ಬಗೆಯ ಗರಗಳನ್ನೆಲ್ಲ ಕೂಡಿದರೆ 40, ಅಂದರೆ ಒಂದು ಸಲಕ್ಕೆ ಎರಡೂವರೆ. ಹಾಗಾದರೆ ಒಬ್ಬರಿಗೆ ಸುಮಾರು 38 ಸಲ ಬೀಜ ಹಾಕುವ ಕೆಲಸ. ನಾಲ್ಕು ಜನಕ್ಕೆ 152. ಒಂದು ಸಲಕ್ಕೆ 15 ಸೆಕೆಂಡ್ ಅಂದರೂ 38 ನಿಮಿಷ. ಕಾಯಿ ಹೊಡೆಸಿಕೊಂಡು ಮತ್ತೆ ಮೊದಲಿಂದ ಬರುವುದು ಬೇರೆ! ಗಂಟೆ ಹೊಡೆಯುವುದರೊಳಗೆ ಮುಗಿಯುವ ಮಾತೇ ಇಲ್ಲ.

ಒಂದು ಗುಂಪು ಕಾಯಿಗಳನ್ನು ಎರಡಕ್ಕೆ ಇಳಿಸಿತು. ಇನ್ನೊಂದು ಗುಂಪು, ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ ಅನ್ನುವ ನಿಯಮವನ್ನೇ ತೆಗೆಯಿತು. ಎರಡನ್ನೂ ಆಡಿ ನೋಡಿದೆವು. ಎರಡನೆಯದು ಬೇಗ ಮುಗಿಯಿತು, ಆದರೆ ಸಪ್ಪೆ. ಯಾರೂ ಯಾರ ತಂಟೆಗೂ ಹೋಗದೆ ತಮ್ಮ ಪಾಡಿಗೆ ಸುತ್ತು ಹಾಕಿದರು. ‘ಭಯಾನೇ ಇಲ್ಲ ಮಿಸ್, ಆಟ ಕೆಟ್ಟೋಯ್ತು’ ಎಂದರು ಅದನ್ನು ಮಾಡಿದವರೇ. ಎರಡು ಕಾಯಿಯ ಆಟ ಗೆದ್ದಿತು. ನಿಯಮ ಬದಲಾಯಿಸು, ಆಡು, ಏನಾಯಿತು ನೋಡು, ಮತ್ತೆ ಬದಲಾಯಿಸು. ನನ್ನ ಮಟ್ಟಿಗೆ ಮಕ್ಕಳು ಜಾಸ್ತಿ ಕಲಿತದ್ದು ಆಡುವಾಗಲ್ಲ, ಹೀಗೆ ಆಟ ಕಟ್ಟುವಾಗ. ಆದ್ದರಿಂದ ಈಗ ಅಂಗಡಿಯಿಂದ ಕಲಿಕೆಯ ಆಟ ತರುವುದನ್ನು ಬಿಟ್ಟಿದ್ದೇನೆ.

ಎಂಟನೇ ತರಗತಿಯವರು ಭಿನ್ನರಾಶಿಗೆ ಇಸ್ಪೀಟಿನಂಥ ಒಂದು ಆಟ ಮಾಡಿದರು. ಅರ್ಧ, ನಾಲ್ಕನೇ ಎರಡು, 0.5, ಶೇಕಡಾ 50, ಹೀಗೆ ಒಂದೇ ಬೆಲೆಯ ನಾಲ್ಕು ಎಲೆ ಕೂಡಿಸಿದವರು ಗೆದ್ದ ಹಾಗೆ. ಎಲೆಗಳನ್ನು ಹಳೆಯ ಮದುವೆ ಕಾರ್ಡ್ ಕತ್ತರಿಸಿ ಮಾಡಿದ್ದರು. ಎರಡೇ ದಿನದಲ್ಲಿ ಹಿಂದಿನ ಬಂಗಾರದ ಹೂವು ನೋಡಿ ಎಲೆ ಗುರುತಿಸತೊಡಗಿದರು! ಕ್ಯಾಲೆಂಡರ್ ಹಾಳೆ ಅಂಟಿಸಿ ಹಿಂಬದಿಯನ್ನೆಲ್ಲ ಒಂದೇ ಥರ ಮಾಡಿದ ಮೇಲೆ ಆಟ ಸರಿಹೋಯಿತು.

ಒಬ್ಬ ತಂದೆ ಬಂದು, ಆಟ ಆಡೋಕೆ ಸ್ಕೂಲಿಗೆ ಕಳಿಸಬೇಕಾ ಎಂದು ಕೇಳಿದರು. ನನಗೆ ಕೋಪ ಬರಲಿಲ್ಲ. ಆ ಚಿಂತೆ ಸಹಜ. ಮಗಳನ್ನು ಕರೆದು ನೋಟ್‌ಬುಕ್ ತೋರಿಸು ಎಂದೆ. ಅವರ ಮನೆಯಲ್ಲಿ ಚೌಕ, ಬಾರಾ ಸತತ ಮೂರು ಸಲ ಬಿದ್ದರೆ ಗರ ಕೆಡುತ್ತದಂತೆ. ಆ ನಿಯಮ ಎಷ್ಟು ಸಲಕ್ಕೊಮ್ಮೆ ಕೆಲಸಕ್ಕೆ ಬರುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಒಂದು ಸಲಕ್ಕೆ ಎಂಟರಲ್ಲಿ ಒಂದು, ಮೂರು ಸಲ ಸತತವಾಗಿ ಅಂದರೆ 512ರಲ್ಲಿ ಒಂದು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ‘ನಮ್ಮವ್ವನಿಗೆ ಒಂದ್ಸಲ ಹಂಗೆ ಬಿದ್ದಿತ್ತು’ ಎಂದರು.

ಈಗ ಅವಳ ಗುಂಪು ಏಳೇಳರ ಹಾಸು ಬರೆಯುತ್ತಿದೆ. ಅದಕ್ಕೆ ಆರು ಬೀಜ ಬೇಕು. ಆರು ಬೀಜ ಅಂದರೆ 64 ಬಗೆ. ಊಟದ ಬಿಡುವಿನಲ್ಲಿ ಜಗಲಿ ಕಲ್ಲಿಗೆ ಬೀಜ ಉಜ್ಜುತ್ತಾ ಕೂತಿರುತ್ತಾರೆ. ಒಬ್ಬಳು ಪಕ್ಕದಲ್ಲಿ ನಿಂತು ಹೇಳುತ್ತಿರುತ್ತಾಳೆ: ‘ಜಾಸ್ತಿ ಉಜ್ಜಬೇಡ್ರೇ.’