ಸೈಕಲ್ ಪ್ರವಾಸದ ನಡುವೆ ಒಂದು ದಿನ ರಜೆ ಮಾಡುವುದು ಹೇಗೆ?

ಕಾರವಾರದಿಂದ ಕನ್ಯಾಕುಮಾರಿಗೆ ಕರಾವಳಿ ಹಿಡಿದು ಸೈಕಲ್‌ನಲ್ಲಿ ಹೊರಟರೆ, ಕಾಸರಗೋಡು ಜಿಲ್ಲೆಯ ಕುಂಬಳೆ ಬರುವಾಗ 300 ಕಿಲೋಮೀಟರ್ ದಾಟಿರುತ್ತದೆ. ಕಾಲು ಭಾರ, ಕುಂಡೆ ಉರಿ. ಯಾರು ಮುಂದೆ ಹೋದರು, ಯಾರು ಕಾಯಲಿಲ್ಲ ಅಂತ ಗೆಳೆಯರ ನಡುವೆ ಸಣ್ಣಸಣ್ಣ ಮುನಿಸು ಶುರುವಾಗುವುದೂ ಆಗಲೇ. ರಜೆ ಬೇಕಾದ್ದು ಕಾಲಿಗೆ ಮಾತ್ರ ಅಲ್ಲ, ಗೆಳೆತನಕ್ಕೂ.

ರಜೆ ಹಿಂದಿನ ದಿನ ಮಧ್ಯಾಹ್ನವೇ ಶುರುವಾಗಲಿ

ಸಂಜೆವರೆಗೆ ತುಳಿದು ರಾತ್ರಿ ತಲುಪಿದರೆ ಮರುದಿನವೆಲ್ಲ ನಿದ್ದೆಗೇ ಹೋಗುತ್ತದೆ. ಹಿಂದಿನ ದಿನ ಅರ್ಧ ದೂರ ಮಾತ್ರ ಇಟ್ಟುಕೊಳ್ಳಿ. ಮಂಗಳೂರಿನಿಂದ ಕುಂಬಳೆಗೆ ಸುಮಾರು 40 ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಹೊರಟು ತಲಪಾಡಿ, ಮಂಜೇಶ್ವರ, ಉಪ್ಪಳ ದಾಟಿದರೆ ಊಟಕ್ಕೆ ಮೊದಲೇ ಕುಂಬಳೆ.

ನಾವು ನಾಲ್ವರು ಉಳಿದದ್ದು ಅಲ್ಲೇ ಸ್ವಲ್ಪ ಒಳಗಿರುವ ಗೆಳೆಯನ ಮನೆಯಲ್ಲಿ. ಅಂಗಳದ ತುಂಬ ಒಣಗಲು ಹಾಕಿದ ಅಡಿಕೆ. ಸೈಕಲ್ ಜಗಲಿಗೆ ಒರಗಿಸುವಷ್ಟರಲ್ಲಿ ಅವನ ಅಮ್ಮ, "ಮೊದಲು ಮಿಂದು ಬನ್ನಿ ಮಕ್ಕಳೇ, ಮಾತು ಮತ್ತೆ" ಅಂದರು. ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು ಕಾದಿತ್ತು. ತೊಡೆಗೆ, ಮೀನಖಂಡಕ್ಕೆ ತೆಂಗಿನೆಣ್ಣೆ ಹಚ್ಚಿ, ಬೆರಳಿನಿಂದ ಮೆಲ್ಲಗೆ ಮೇಲ್ಮುಖವಾಗಿ ನೀವಿ, ಅರ್ಧ ಗಂಟೆ ಬಿಟ್ಟು ಮೀಯಬೇಕು. ಆ ಸುಖ ಯಾವ ಸ್ಪ್ರೇಯಲ್ಲೂ ಇಲ್ಲ. ಸೀಟಿನಿಂದ ಚರ್ಮ ಕೆಂಪಾಗಿದ್ದರೆ ಅಲ್ಲಿಗೆ ಮಾತ್ರ ಎಣ್ಣೆ ಬೇಡ. ತೊಳೆದು, ಒರೆಸಿ, ಗಾಳಿಯಾಡಲು ಬಿಡಿ. ಎರಡು ದಿನ ಸಡಿಲ ಲುಂಗಿ ಉಟ್ಟರೆ ಅರ್ಧ ವಾಸಿ.

ಪ್ಯಾಡ್ ಇರುವ ಚಡ್ಡಿಗಳನ್ನು ಅವತ್ತೇ ಒಗೆಯಿರಿ. ಒಳಭಾಗ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಕರಾವಳಿಯ ಗಾಳಿಯಲ್ಲಿ ಪ್ಯಾಡ್ ಒಣಗಲು ಜಾಸ್ತಿ ಹೊತ್ತು ಬೇಕು.

ಹೊಟ್ಟೆ ತುಂಬ ತಿನ್ನಿ

ದಿನಗಟ್ಟಲೆ ತುಳಿದಾಗ ಶಕ್ತಿಗೆಂದು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಖಾಲಿಯಾಗಿರುತ್ತದೆ. ಅದು ಮತ್ತೆ ತುಂಬಲು ಸುಮಾರು ಒಂದು ದಿನ ಬೇಕು, ಅನ್ನ-ಗಂಜಿಯಂಥ ಪಿಷ್ಟದ ಊಟವೂ ಬೇಕು. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಅನ್ನ, ತಂಬುಳಿ, ರಾತ್ರಿ ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ, ಹಪ್ಪಳ. ಬೆವರಿನಲ್ಲಿ ಹೋದ ಉಪ್ಪು ಉಪ್ಪಿನಕಾಯಿಯಿಂದಲೇ ಒಂದಿಷ್ಟು ವಾಪಸ್ ಬರುತ್ತದೆ.

ಒಂದೇ ಜಾಗ ನೋಡಿ

ಇಲ್ಲೇ ತಪ್ಪುವುದು. ಹಿಂದಿನ ಪ್ರವಾಸದಲ್ಲಿ ನಾವು ರಜೆಯ ದಿನ ಇಲ್ಲಿಂದ ಬೇಕಲ ಕೋಟೆಗೆ ಸೈಕಲ್‌ನಲ್ಲೇ ಹೋಗಿ ಬಂದೆವು. ಹತ್ತಿರಹತ್ತಿರ 60 ಕಿಲೋಮೀಟರ್ ಆಯಿತು. ಮರುದಿನ ನನ್ನ ಬಲ ಮೊಣಕಾಲು ಏರಿನಲ್ಲಿ ಕೈಕೊಟ್ಟಿತು. ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ ಕಾಞಂಗಾಡಿನ ಕಡೆ ಹೋಗುವ ದಾರಿಯಲ್ಲೇ ಬೇಕಲ ಸಿಗುತ್ತದೆ. ಹೇಗೂ ಮುಂದೆ ಸಿಗುವುದಕ್ಕೆ ಸುಮ್ನೆ ವಾಪಸ್ ಬರುವ ದಂಡ ಯಾಕೆ, ಅಲ್ವಾ?

ಈ ಸಲ ಹತ್ತಿರದ ಅನಂತಪುರದ ಕೆರೆ ದೇವಸ್ಥಾನ ಒಂದೇ. ಆಟೋದಲ್ಲಿ ಹೋದೆವು. ಮುರಕಲ್ಲಿನ ನಡುವೆ ಕೆರೆ, ಕೆರೆಯ ನಡುವೆ ಗುಡಿ. ಪ್ರಸಾದದ ಅನ್ನ ತಿನ್ನುತ್ತಿದ್ದ ಮೊಸಳೆ ಬಬಿಯಾ ಇದ್ದದ್ದು ಇಲ್ಲೇ. 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ಕೆರೆಯ ಸುತ್ತ ನಿಧಾನಕ್ಕೆ ನಡೆದರೆ ಕಾಲಿಗೆ ಅಷ್ಟು ವ್ಯಾಯಾಮ ಸಾಕು. ಪೂರ್ತಿ ಮಲಗಿಬಿಟ್ಟರೆ ಕಾಲು ಮರಗಟ್ಟುತ್ತದೆ.

ಮಧ್ಯಾಹ್ನ ಎರಡು ಗಂಟೆ ಒಬ್ಬೊಬ್ಬರೇ ಇರಿ. ಒಬ್ಬ ಮಲಗಲಿ, ಒಬ್ಬ ಮನೆಗೆ ಫೋನ್ ಮಾಡಲಿ. ಸಂಜೆ ಚಹಾಕ್ಕೆ ಕೂತಾಗ ಯಾರಿಗೆ ಏನು ಬೇಸರ ಇದೆಯೋ ಹೇಳಿಕೊಳ್ಳಿ. ನಮ್ಮಲ್ಲಿ ಹಿಂದೆ ಉಳಿಯುತ್ತಿದ್ದವನು, "ನೀವು ಕಾಯ್ತೀರಿ, ನಾನು ಬಂದ ಕೂಡಲೇ ಹೊರಡ್ತೀರಿ. ನನಗೆ ರೆಸ್ಟೇ ಇಲ್ಲ" ಅಂದ. ಮರುದಿನದಿಂದ ಅವನನ್ನೇ ಮುಂದೆ ಬಿಟ್ಟೆವು.

ಬಿಸಿಲು ಇಳಿದ ಮೇಲೆ ಸೈಕಲ್

ಉಪ್ಪುಗಾಳಿಗೆ ಚೈನ್ ಬೇಗ ತುಕ್ಕು ಹಿಡಿಯುತ್ತದೆ. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಚೈನ್ ಹಿಡಿದು, ಪೆಡಲ್ ಹಿಂದಕ್ಕೆ ತಿರುಗಿಸಿ. ಕಪ್ಪು ಕೊಳೆ ಬಿಡುವವರೆಗೆ ಒರೆಸಿ, ಒಣಗಲು ಬಿಡಿ. ಆಮೇಲೆ ಚೈನ್‌ನ ಕೆಳಸಾಲಿಗೆ, ಒಳಗಿನಿಂದ, ಒಂದೊಂದು ಕೊಂಡಿಗೆ ಒಂದೊಂದೇ ಹನಿ ಚೈನ್ ಎಣ್ಣೆ. ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆ ಒರೆಸಿಬಿಡಿ. ಮೇಲೆ ಉಳಿದದ್ದು ಧೂಳನ್ನಷ್ಟೇ ಹಿಡಿಯುತ್ತದೆ. ಮನೆಯಲ್ಲಿದೆ ಅಂತ ತೆಂಗಿನೆಣ್ಣೆ ಹಾಕಬೇಡಿ, ಅಂಟಾಗುತ್ತದೆ.

ಟಯರ್‌ಗೆ ಚುಚ್ಚಿದ ಗಾಜಿನ ಚೂರು ತೆಗೆಯಿರಿ. ಬ್ರೇಕ್ ರಬ್ಬರ್ ನೋಡಿ. ಕ್ಯಾರಿಯರ್‌ನ ಬೋಲ್ಟ್‌ಗಳನ್ನು ಬಿಗಿ ಮಾಡಿ, ಭಾರ ಹೊತ್ತು ಅಲುಗಾಡಿ ಅವೇ ಮೊದಲು ಸಡಿಲವಾಗುವುದು.

ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಡಿಸೆಂಬರ್‌ನಲ್ಲಿ ಹೋದರೆ ಹತ್ತಿರದಲ್ಲಿ ಎಲ್ಲೋ ಯಕ್ಷಗಾನ ಇದ್ದೇ ಇರುತ್ತದೆ. ಚೆಂಡೆ ಕೇಳಿದರೆ ಹೋಗದೆ ಇರಲಾಗದು. ಹೋಗಿ, ಆದರೆ ಹತ್ತು ಗಂಟೆಗೆ ಎದ್ದು ಬನ್ನಿ. ಬಾಟಲಿಗೆ ನೀರು ತುಂಬಿಟ್ಟು, ಒಣಗಿದ ಚಡ್ಡಿ ಚೀಲದ ಮೇಲೇ ಇಟ್ಟು ಮಲಗಿ. ಬೆಳಿಗ್ಗೆ ಐದೂವರೆಗೆ ಹೊರಡಬೇಕು.