ಆಟಿಯ ಮಳೆಯಲ್ಲಿ ಬೇಂದ್ರೆಯವರ ಒಂದು ಕವನ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಪ್ಲಸ್ ಟು ಮಕ್ಕಳಿಗೆ ಪಠ್ಯದ ಹೊರಗಿನ ಒಂದು ಕವನವನ್ನು ವರ್ಷಕ್ಕೊಮ್ಮೆಯಾದರೂ ಓದಿಸುವುದು ನನ್ನ ರೂಢಿ. ಹೆಚ್ಚಿನ ವರ್ಷಗಳಲ್ಲಿ ಅದು ದ. ರಾ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’. ಮಗುವನ್ನು ಕಳೆದುಕೊಂಡ ಗಂಡ ಹೆಂಡತಿಗೆ ಆಡುವ ಮಾತಾಗಿರುವ ಈ ಕವನ 1938ರ ‘ನಾದಲೀಲೆ’ಯಲ್ಲಿದೆ. ಧಾರವಾಡದ ನುಡಿ ನಮ್ಮ ಮಕ್ಕಳಿಗೆ ದೂರವಾದೀತೆಂದು ಮೊದಲು ಅಂಜಿದ್ದೆ. ಆದರೆ ಹವ್ಯಕರ ಮನೆಯ ಹುಡುಗಿಯೊಬ್ಬಳು ಅದನ್ನು ‘ನೀನು ಹೀಂಗೆ ನೋಡೆಡ ಎನ್ನ’ ಎಂದು ಸಲೀಸಾಗಿ ತಿರುಗಿಸಿದಳು. ಹಿಂದಿನ ಬೆಂಚಿನಿಂದ ‘ಈ ಎನನ್ ಇಂಚ ತೂವಡ’ ಎಂಬ ತುಳುವೂ ಬಂತು.

ಕಷ್ಟವಾದದ್ದು ಅರ್ಥ. ಎದೆ ಗಟ್ಟಿ ಮಾಡಿಕೊಂಡ ಗಂಡ, ಕುಸಿದ ಹೆಂಡತಿಯನ್ನು ಸಂತೈಸುತ್ತಿದ್ದಾನೆ ಎಂದೇ ನಾನು ಬಹುಕಾಲ ಹೇಳುತ್ತಿದ್ದೆ. ಅವಳ ಮುಖವನ್ನು ಹಗಲಿನ ಮುಗಿಲಲ್ಲಿ ತೇಲಿ ಬರುವ ಹುಣ್ಣಿಮೆ ಚಂದ್ರನ ಹೆಣಕ್ಕೆ ಹೋಲಿಸಿದ್ದನ್ನು ಉಪಮೆಯ ಉದಾಹರಣೆಯಾಗಿ ಬರೆಸಿಯೂ ಇದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸುರಿದ ಎಣ್ಮಕಜೆಯಂತಹ ಊರುಗಳಿರುವ ಈ ಜಿಲ್ಲೆಯಲ್ಲಿ ಎಳೆಯರ ಸಾವು ಮಕ್ಕಳಿಗೆ ಪುಸ್ತಕದ ಸಂಗತಿಯಲ್ಲವಾದ್ದರಿಂದ, ಇಂತಹ ಕವನ ತೆರೆಯುವ ಮುನ್ನ ಬೆಂಚುಗಳ ಮೇಲೊಮ್ಮೆ ಕಣ್ಣಾಡಿಸಬೇಕೆಂಬುದನ್ನೂ ನಾನು ತಡವಾಗಿಯೇ ಕಲಿತೆ.

ಒಂದು ವರ್ಷ ಪಾಠ ಆಟಿಯಲ್ಲಿ, ಅಂದರೆ ತುಳುವರ ಜಡಿಮಳೆಯ ತಿಂಗಳಲ್ಲಿ, ಬಿತ್ತು. ಹೆಂಡತಿಯ ಕಣ್ಣಲ್ಲಿ ಮಳೆ ಕಾಲೂರಿದೆ ಎಂಬ ಸಾಲಿಗೆ ಬಂದಾಗ, ಹೊರಗೆ ಸುರಿಯುತ್ತಿದ್ದುದನ್ನು ತೋರಿಸಿ, ಆ ಮಳೆ ಹೀಗೆ ಸುರಿಯುವುದಲ್ಲ, ಹನಿಯೊಡೆಯಲು ಬಂದು ತಡೆದು ನಿಂತದ್ದು ಎಂದೆ. ಆಗ ಒಬ್ಬ ಹುಡುಗ ಎದ್ದು, “ಅಳು ಅಂತ ಅವಳಿಗೆ ಹೇಳುತ್ತಾನೆ, ಅವನು ಅತ್ತದ್ದು ಎಲ್ಲಿ ಉಂಟು ಟೀಚರ್?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ತರಗತಿ ಮುಗಿದ ಮೇಲೆ ಅವನೇ ಬಂದು ಮನೆಯ ವಿಷಯ ಹೇಳಿದ. ಅವನ ತಂದೆಯ ಅಣ್ಣ ಆರು ತಿಂಗಳ ಕೂಸಾಗಿದ್ದಾಗ ತೀರಿಕೊಂಡಿದ್ದರು. ನಾಲ್ವತ್ತು ವರ್ಷಗಳ ಬಳಿಕ, ಹಿಂದಿನ ಆಟಿಯಲ್ಲಿ, ಅವರಿಗೆ ಕುಲೆ ಮದಿಮೆ ಮಾಡಿಸಿದ್ದರು. ಎಳವೆಯಲ್ಲಿ ಸತ್ತವರೂ ಬೆಳೆದು ಮದುವೆಯ ವಯಸ್ಸಿಗೆ ಬರುತ್ತಾರೆಂಬ ನಂಬಿಕೆಯಲ್ಲಿ, ಹಾಗೆಯೇ ಮಗಳನ್ನು ಕಳೆದುಕೊಂಡ ಇನ್ನೊಂದು ಮನೆಯೊಡನೆ ಸಂಬಂಧ ಕುದುರಿಸಿ ನಡೆಸುವ ಈ ಪ್ರೇತ ಮದುವೆ ತುಳುನಾಡಿನಲ್ಲಿ ಇಂದಿಗೂ ಇದೆ. ಮಣೆಯ ಮೇಲಿಟ್ಟ ಹಸಿರು ಸೀರೆಯ ನೆರಿಗೆಯನ್ನು ಅಜ್ಜಿ ಮತ್ತೆ ಮತ್ತೆ ಸರಿಪಡಿಸುತ್ತಾ, ಸೊಸೆಗೆ ಈ ಬಣ್ಣ ಒಪ್ಪೀತೇ ಎಂದು ಬಂದವರನ್ನೆಲ್ಲ ಕೇಳುತ್ತಾ, ನಡುವೆ ನಕ್ಕು, ಕಡೆಗೆ ಗೋಡೆಗೊರಗಿ ಅತ್ತರಂತೆ. ಅಜ್ಜ ಮಾತ್ರ ಚಾವಡಿಯ ಮೂಲೆಯಲ್ಲಿ ಬೆನ್ನು ಹಾಕಿ ಕೂತು ಅಡಿಕೆ ಸುಲಿಯುತ್ತಲೇ ಇದ್ದರಂತೆ.

ಅಂದು ರಾತ್ರಿ ಕವನವನ್ನು ಮತ್ತೆ ಓದಿದೆ. ನೀನು ಹೀಗೆ ನೋಡಿದರೆ ತಿರುಗಿ ನಾನು ಹೇಗೆ ನಿನ್ನನ್ನು ನೋಡಲಿ ಎಂಬುದು ಸಂತೈಸುವವನ ಮಾತಲ್ಲ, ನೋಟ ತಪ್ಪಿಸಿಕೊಳ್ಳುವವನ ಮಾತು. ಈಗ ನಾನು ಆ ಸಾಲಿನಿಂದಲೇ ಪಾಠ ಆರಂಭಿಸುತ್ತೇನೆ. ಗಂಡ ಆಗ ಎತ್ತ ಮುಖ ಮಾಡಿ ಕೂತಿದ್ದಾನೆಂದು ಮಕ್ಕಳನ್ನು ಕೇಳುತ್ತೇನೆ.