ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್: ಮೊದಲ ಆಲ್ಬಂಗಳನ್ನು ಕೇಳೋದು ಹೇಗೆ?

ವೇಲ್ಸ್‌ನ ಈ ಬ್ಯಾಂಡನ್ನು ಹೊಸದಾಗಿ ಕೇಳೋಕೆ ಹೊರಟವರು ಎರಡರಲ್ಲಿ ಒಂದು ಮಾಡುತ್ತಾರೆ. ಮೊದಲ ಆಲ್ಬಂನಿಂದ ಸಾಲಾಗಿ ಕೇಳುತ್ತಾ ಹೋಗಿ ಅರ್ಧಕ್ಕೇ ಬಿಡುತ್ತಾರೆ. ಇಲ್ಲವಾದರೆ ಎಲ್ಲರೂ ಹೊಗಳುವ ಆಲ್ಬಂ 'ದ ಹೋಲಿ ಬೈಬಲ್'ಗೆ ನೇರವಾಗಿ ಕೈಹಾಕಿ ಬೆಚ್ಚಿಬೀಳುತ್ತಾರೆ. ಎರಡೂ ಬೇಡ. ಮೊದಲು ಮೂರೇ ಮೂರು ಹಾಡು ಕೇಳಿ, ಅದೂ ಒಂದೇ ಸಲ ಕೂತು: 1991ರ 'ಮೋಟೌನ್ ಜಂಕ್', 1994ರ 'ಫಾಸ್ಟರ್', 1996ರ 'ಎ ಡಿಸೈನ್ ಫಾರ್ ಲೈಫ್'. ಹಾಡಿದ್ದು ಒಬ್ಬನೇ, ಡ್ರಮ್ಸ್ ಬಾರಿಸಿದ್ದೂ ಒಬ್ಬನೇ. ಆದರೂ ಮೂರು ಬೇರೆ ಬೇರೆ ಬ್ಯಾಂಡ್ ಅನ್ನಿಸುತ್ತೆ, ಅಲ್ವಾ?

ಇದಕ್ಕೊಂದು ಕೀಲಿಕೈ ಇದೆ. ನಮ್ಮ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಭಾವಗೀತೆಯಲ್ಲಿ ಪದ್ಯ ಮೊದಲೇ ಇರುತ್ತೆ, ರಾಗ ಹಾಕುವವರು ಅದಕ್ಕೆ ತಕ್ಕ ಹಾಗೆ ಕೂರಿಸಬೇಕು. ಈ ಬ್ಯಾಂಡ್ ಎರಡನೆಯ ದಾರಿಯದು. ಬಾಸ್ ನುಡಿಸುವ ನಿಕಿ ವಯರ್ ಮತ್ತು ರಿಚಿ ಎಡ್ವರ್ಡ್ಸ್ ಬರೆಯುತ್ತಿದ್ದರು. ಗಾಯಕ, ಗಿಟಾರಿಸ್ಟ್ ಜೇಮ್ಸ್ ಡೀನ್ ಬ್ರಾಡ್‌ಫೀಲ್ಡ್ ಮತ್ತು ಅವನ ಕಸಿನ್, ಡ್ರಮ್ಮರ್ ಶಾನ್ ಮೂರ್ ಸಂಗೀತ ಮಾಡುತ್ತಿದ್ದರು. ರಿಚಿಗೆ ಗಿಟಾರ್ ಅಷ್ಟಕ್ಕಷ್ಟೇ, ಅವನ ಕೆಲಸವೆಲ್ಲ ಪದಗಳಲ್ಲಿ. ಹಾಗಾಗಿ ಕೇಳುವಾಗ ಗಿಟಾರ್ ಸದ್ದಿಗಿಂತ ಜಾಸ್ತಿ ಗಮನ ಕೊಡಬೇಕಾದ್ದು, ಬ್ರಾಡ್‌ಫೀಲ್ಡ್ ಆ ಪದಗಳನ್ನು ಎಲ್ಲಿ ಮುರಿಯುತ್ತಾನೆ, ಎಲ್ಲಿ ಉಸಿರು ತಗೊಳ್ತಾನೆ ಅನ್ನೋದಕ್ಕೆ.

ಇವರ ಊರಿನ ಬಗ್ಗೆಯೂ ಸ್ವಲ್ಪ ತಿಳಿದಿರಲಿ. ಬ್ಲ್ಯಾಕ್‌ವುಡ್ ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಗಣಿಗಳ ಸೀಮೆಯ ಚಿಕ್ಕ ಊರು. 1984–85ರ ಗಣಿ ಕಾರ್ಮಿಕರ ದೊಡ್ಡ ಮುಷ್ಕರ ಸೋತು ಮುಗಿದಾಗ ಇವರೆಲ್ಲ ಹದಿಹರೆಯದವರು. 1986ರಲ್ಲಿ ಬ್ಯಾಂಡ್ ಕಟ್ಟಿದರು. 1988ರಲ್ಲಿ ಸ್ವಂತ ದುಡ್ಡು ಹಾಕಿ 'ಸೂಯಿಸೈಡ್ ಆಲಿ' ಅನ್ನೋ ಸಿಂಗಲ್ ತಂದರು. ಆಗಿನ ಸದ್ದು ನೇರ ಪಂಕ್, ಅಂದರೆ ವೇಗದ, ಒರಟು ರಾಕ್.

ಈಗ ಆಲ್ಬಂಗಳಿಗೆ ಬನ್ನಿ. 1992ರ 'ಜನರೇಷನ್ ಟೆರರಿಸ್ಟ್ಸ್' ಪೂರ್ತಿ ಕೇಳಲೇಬೇಕು ಅಂತೇನಿಲ್ಲ. ಹದಿನೆಂಟು ಹಾಡು, ತುಂಬಾ ಉದ್ದ. ಇದು 1.6 ಕೋಟಿ ಪ್ರತಿ ಮಾರಾಟ ಆಗುತ್ತೆ, ಆಮೇಲೆ ಬ್ಯಾಂಡ್ ಮುಚ್ಚುತ್ತೇವೆ ಅಂತ ಹೇಳಿಕೊಂಡು ಬಂದ ಆಲ್ಬಂ ಇದು. ಡ್ರಮ್ಸ್ ಹೆಚ್ಚಾಗಿ ಮಷಿನ್‌ನಲ್ಲಿ ಪ್ರೋಗ್ರಾಂ ಮಾಡಿದ್ದು, ಆ ಗಡಸುತನ ಕಿವಿಗೆ ಗೊತ್ತಾಗುತ್ತೆ. ಆದರೆ 'ಮೋಟರ್‌ಸೈಕಲ್ ಎಂಪ್ಟಿನೆಸ್' ಮಾತ್ರ ಬಿಡಬೇಡಿ. ಹಳೆಯ ಎರಡು ಹಾಡು ಸೇರಿಸಿ ಕಟ್ಟಿದ ಆರು ನಿಮಿಷದ ಹಾಡು. ಮೊದಲ ಗಿಟಾರ್ ಎಳೆಯಲ್ಲೇ ಮುಂದೆ ಇವರು ಎತ್ತ ಹೋಗ್ತಾರೆ ಅನ್ನೋ ಸುಳಿವಿದೆ. 1993ರ 'ಗೋಲ್ಡ್ ಅಗೇನ್ಸ್ಟ್ ದ ಸೋಲ್' ದುಬಾರಿ ಸ್ಟುಡಿಯೋದ ನುಣುಪಾದ ರಾಕ್. 'ಲಾ ಟ್ರಿಸ್ಟೆಸ್ ಡುರೆರಾ' ಒಂದು ಕೇಳಿ ಮುಂದಕ್ಕೆ ಹೋಗಿ.

ಆ ನುಣುಪು ಅವರಿಗೇ ಬೇಸರ ತಂದಿತ್ತು. ಮುಂದಿನ ಆಲ್ಬಂಗೆ ರೆಕಾರ್ಡ್ ಕಂಪನಿ ಬಾರ್ಬಡೋಸ್‌ಗೆ ಕಳಿಸ್ತೀವಿ ಅಂದರೂ ಒಪ್ಪದೆ, ಕಾರ್ಡಿಫ್‌ನ ಒಂದು ಅಗ್ಗದ ಸಣ್ಣ ಸ್ಟುಡಿಯೋದಲ್ಲಿ ಕೂತು 'ದ ಹೋಲಿ ಬೈಬಲ್' ಮಾಡಿದರು. 1994ರ ಆಗಸ್ಟ್‌ನಲ್ಲಿ ಬಂತು. ಸಾಹಿತ್ಯದ ಬಹುಪಾಲು ರಿಚಿಯದು. ಊಟ ಬಿಟ್ಟು ಕರಗುವ ದೇಹ, ನಾಜಿ ಶಿಬಿರಗಳು, ತನ್ನನ್ನೇ ನೋಯಿಸಿಕೊಳ್ಳೋದು, ಎಲ್ಲ ಇದೆ. ದಯವಿಟ್ಟು ಮನಸ್ಸು ಕುಗ್ಗಿರೋ ದಿನ ಇದನ್ನು ಹಾಕಬೇಡಿ, ನಿಜವಾಗಿ ಹೇಳ್ತಿದ್ದೀನಿ. ಮನಸ್ಸು ಗಟ್ಟಿಯಿರುವಾಗ ಸಾಹಿತ್ಯವನ್ನು ಮುಂದಿಟ್ಟುಕೊಂಡು ಕೇಳಿ. ಒಂದು ಸಾಲಿಗೆ ಹಿಡಿಸದಷ್ಟು ಪದಗಳಿವೆ, ಪ್ರಾಸವೂ ಇಲ್ಲ, ಬ್ರಾಡ್‌ಫೀಲ್ಡ್ ಅವನ್ನು ಒತ್ತಿ, ಕತ್ತರಿಸಿ, ತಪ್ಪು ಜಾಗದಲ್ಲಿ ಉಸಿರೆಳೆದು ಹೇಗೋ ತುರುಕುತ್ತಾನೆ, ಗಿಟಾರೂ ಅದರ ಜೊತೆಗೇ ಚೂರು ಚೂರಾಗುತ್ತೆ. ಈ ಸದ್ದಿನ ಹಿಂದೆ ವಯರ್ (ನಿಕಿ ಅಲ್ಲ, ಆ ಹೆಸರಿನ ಬ್ಯಾಂಡ್), ಮ್ಯಾಗಜೀನ್, ಗ್ಯಾಂಗ್ ಆಫ್ ಫೋರ್ ಥರದ ಪೋಸ್ಟ್-ಪಂಕ್ (ಪಂಕ್ ನಂತರದ ಪ್ರಯೋಗಶೀಲ ರಾಕ್) ಬ್ಯಾಂಡ್‌ಗಳಿವೆ ನಿಜ, ಆದರೆ ಅರ್ಧ ಕೆಲಸ ಮಾಡಿದ್ದು ಆ ಪದಗಳೇ ಅಂತ ನನ್ನ ನಂಬಿಕೆ. 2004ರ ಮರುಬಿಡುಗಡೆಯಲ್ಲಿ ಅಮೆರಿಕದ ಮಿಕ್ಸ್ (ಅದೇ ರೆಕಾರ್ಡಿಂಗ್‌ನ ಸದ್ದುಗಳನ್ನು ಬೇರೆ ಥರ ಹೊಂದಿಸಿದ್ದು) ಕೂಡ ಇದೆ. ಮೊದಲು ಬ್ರಿಟಿಷ್ ಮಿಕ್ಸ್ ಕೇಳಿ.

1995ರ ಫೆಬ್ರವರಿ 1ರಂದು ರಿಚಿ ಲಂಡನ್ನಿನ ಹೋಟೆಲಿನಿಂದ ನಾಪತ್ತೆಯಾದ. ಆಗವನಿಗೆ 27 ವರ್ಷ. ಅವನ ಕಾರು ಸೆವರ್ನ್ ಸೇತುವೆ ಹತ್ತಿರ ಸಿಕ್ಕಿತು, ಅವನು ಸಿಗಲಿಲ್ಲ. 2008ರಲ್ಲಿ ಕಾನೂನಿನ ಪ್ರಕಾರ ತೀರಿಕೊಂಡಿದ್ದಾನೆಂದು ಘೋಷಿಸಿದರು.

ಉಳಿದ ಮೂವರು 1996ರ ಮೇ ತಿಂಗಳಲ್ಲಿ 'ಎವ್ರಿಥಿಂಗ್ ಮಸ್ಟ್ ಗೋ' ತಂದರು. 'ಎ ಡಿಸೈನ್ ಫಾರ್ ಲೈಫ್' ಈಗ ಮತ್ತೊಮ್ಮೆ ಹಾಕಿ. ಸಾಹಿತ್ಯ ನಿಕಿಯದು. ದುಡಿಯುವ ಜನಕ್ಕೆ ಬಲ ಕೊಟ್ಟದ್ದು ಗ್ರಂಥಾಲಯಗಳು ಅನ್ನೋ ಮಾತಿಂದ ಶುರುವಾಗುತ್ತೆ. ಪದಗಳು ಕಡಿಮೆ, ಸಾಲುಗಳು ಚಿಕ್ಕವು. ಹಾಗಾಗಿ ಬ್ರಾಡ್‌ಫೀಲ್ಡ್‌ಗೆ ಸ್ವರ ಎಳೆಯೋಕೆ ಜಾಗ ಸಿಕ್ಕಿದೆ, ಪಿಟೀಲುಗಳು ಬರೋಕೂ ಜಾಗ ಸಿಕ್ಕಿದೆ. ಈ ಹಾಡು ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯ್ತು. ಎಷ್ಟೋ ಜನ ಇದನ್ನು 'ಮೆತ್ತಗಾದರು' ಅಂತ ಸುಮ್ನೆ ತಳ್ಳಿಹಾಕ್ತಾರೆ, ನಾನು ಒಪ್ಪಲ್ಲ. ಗೆಳೆಯನ ಪದಗಳನ್ನು ಅವರು ಬಿಟ್ಟಿರಲೇ ಇಲ್ಲ. ಈ ಆಲ್ಬಂನ ಹನ್ನೆರಡು ಹಾಡುಗಳಲ್ಲಿ ಐದರಲ್ಲಿ ರಿಚಿಯ ಸಾಹಿತ್ಯವಿದೆ. 'ಕೆವಿನ್ ಕಾರ್ಟರ್' ಕೇಳಿ, ನಡುವೆ ಬರುವ ಟ್ರಂಪೆಟ್ ಶಾನ್ ಮೂರ್ ನುಡಿಸಿದ್ದು. ಆಮೇಲೆ 'ಸ್ಮಾಲ್ ಬ್ಲ್ಯಾಕ್ ಫ್ಲವರ್ಸ್ ದಟ್ ಗ್ರೋ ಇನ್ ದ ಸ್ಕೈ' ಹಾಕಿ. ಮೃಗಾಲಯದ ಪ್ರಾಣಿಗಳ ಬಗ್ಗೆ ರಿಚಿ ಬರೆದದ್ದು. ಡ್ರಮ್ಸ್ ಇಲ್ಲ. ಗಿಟಾರ್, ಹಾರ್ಪ್, ದನಿ, ಅಷ್ಟೇ.

ಇಲ್ಲಿಂದ ಎರಡು ದಾರಿ. ದೊಡ್ಡ ರಾಗಗಳು ಹಿಡಿಸಿದ್ದರೆ 1998ರ 'ದಿಸ್ ಈಸ್ ಮೈ ಟ್ರೂತ್ ಟೆಲ್ ಮಿ ಯುವರ್ಸ್'ಗೆ ಹೋಗಿ, ಬ್ರಿಟನ್ನಿನಲ್ಲಿ ಅವರಿಗೆ ಮೊದಲ ಬಾರಿ ನಂಬರ್ ಒನ್ ತಂದ ಆಲ್ಬಂ ಅದು. ರಿಚಿಯ ಪದಗಳೇ ಕಾಡುತ್ತಿದ್ದರೆ 2009ರ 'ಜರ್ನಲ್ ಫಾರ್ ಪ್ಲೇಗ್ ಲವರ್ಸ್' ತೆಗೆದುಕೊಳ್ಳಿ. ಅವನು ಬಿಟ್ಟುಹೋದ ಸಾಹಿತ್ಯಕ್ಕೆ ಮೂವರೂ ಸೇರಿ ರಾಗ ಹಾಕಿದ್ದಾರೆ. 'ದ ಹೋಲಿ ಬೈಬಲ್' ಕೇಳಿದ ಮೇಲೆ ಮಾತ್ರ ಇದನ್ನು ಹಾಕಿ, ಅದಕ್ಕೆ ಮೊದಲು ಬೇಡ.